ನಲವತ್ತೊಂದನೇ ಚೀಟಿಯ ರಾಡು

ಸೋಮವಾರ, ಮೂರನೇ ತಾರೀಕು, ಬೆಳಿಗ್ಗೆ 10.40ಕ್ಕೆ ಠಾಣೆಗೆ ಬಂದ ದೂರನ್ನು ಕೇಳಿ ರೈಟರ್ ಪೆನ್ನು ಕೆಳಗಿಟ್ಟ. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ಕಳ್ಳನ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ.

"ಇನ್ನೊಂದ್ಸಲ ಹೇಳಿ. ಕಳ್ಳ ಏನು ತಗೊಂಡು ಹೋದ?"

"ಒಂದು ರಾಡು. ತುಕ್ಕು ಹಿಡಿದದ್ದು."

"ಏನು ಬಿಟ್ಟು ಹೋದ?"

"ಇನ್ನೊಂದು ರಾಡು. ಚೆನ್ನಾಗಿರೋದು. ಗ್ರೀಸ್ ಬೇರೆ ಹಚ್ಚಿದ್ದಾನೆ."

"ಕೆಟ್ಟದ್ದು ಕದ್ದು ಒಳ್ಳೇದು ಇಟ್ಟು ಹೋಗಿದ್ದಾನೆ. ಸ್ವಲ್ಪ ನಮ್ಮನೆ ವಿಳಾಸನೂ ಕೊಡಿ ಅವನಿಗೆ. ನಮ್ಮ ಮಿಕ್ಸಿ ಕೆಟ್ಟು ಆರು ತಿಂಗಳಾಯ್ತು."

ದೂರು ಕೊಡಲು ಬಂದವನು ಹಳೆಯ ಟ್ರ್ಯಾಕ್ಟರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಓಡಿಸುವ ಗ್ಯಾರೇಜಿನವನು. ವಯಸ್ಸು ನಲವತ್ತೈದು. ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತು, ಮೇಸ್ತ್ರಿಯ ಮಗಳನ್ನೇ ಮದುವೆಯಾಗಿ, ಮೇಸ್ತ್ರಿಯ ಗ್ಯಾರೇಜನ್ನೇ ನಡೆಸುತ್ತಿದ್ದುದರಿಂದ ಊರಿಗೆಲ್ಲ ಅವನು 'ಅಳಿಯ'. ಪೋಸ್ಟ್‌ಮ್ಯಾನ್ ಕೂಡ ಹಾಗೇ ಕೂಗುತ್ತಿದ್ದ. ಅದಕ್ಕೆ ಅವನಿಗೇನೂ ಬೇಸರವಿರಲಿಲ್ಲ, ಹೆಂಡತಿಗಿತ್ತು.

ಅವನ ಪಕ್ಕದಲ್ಲಿ ಟ್ರ್ಯಾಕ್ಟರಿನ ಒಡತಿ ನಿಂತಿದ್ದಳು. ಆಸ್ಪತ್ರೆಯಲ್ಲಿ ನರ್ಸ್, ಮೂವತ್ತೆರಡು ವರ್ಷ, ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು.

"ನಕ್ಕು ಮುಗಿದ ಮೇಲೆ ಬರ್ಕೊಳ್ಳಿ. ನಾನು ಕಾಯ್ತೀನಿ," ಎಂದು ಬೆಂಚಿನ ಮೇಲೆ ಕುಳಿತಳು.

ಆ ಮಾತು ತೆರೆದ ಬಾಗಿಲಿನಿಂದ ಇನ್‌ಸ್ಪೆಕ್ಟರ್ ಮೇಡಂಗೆ ಕೇಳಿಸಿತು. ಅವರು ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಟ್ರ್ಯಾಕ್ಟರಿನ ತಲೆ ಯಾವುದು ಬಾಲ ಯಾವುದು ತಿಳಿಯದು ಎಂದು ಅವರೇ ಮೊದಲು ಹೇಳಿಕೊಂಡು, ಇಬ್ಬರನ್ನೂ ಒಳಗೆ ಕರೆದರು. ಜತೆಗೆ ದಫೇದಾರನನ್ನೂ ಕರೆದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆ ಹಿರಿಯ ಪೇದೆ ಹೊಲದ ಮನೆಯಿಂದ ಬಂದವನು, ಗಾಡಿಗಳ ಭಾಷೆ ಬಲ್ಲವನು.

ದೂರಿನ ಸಾರಾಂಶ ಹೀಗಿತ್ತು: ಟ್ರ್ಯಾಕ್ಟರು ಐವತ್ತು ವರ್ಷಕ್ಕೂ ಹಳೆಯದು, ನರ್ಸಿನ ತೀರಿಹೋದ ತಂದೆಯದು. ಇಪ್ಪತ್ತೆರಡು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಎರಡು ತಿಂಗಳ ಹಿಂದೆ ದುರಸ್ತಿಗೆ ಬಂತು. ಪ್ರತಿ ಭಾಗದ ಫೋಟೋ ತೆಗೆದು, ನಂಬರಿನ ಚೀಟಿ ಕಟ್ಟಿ ಹಲಗೆಗೆ ತೂಗುಹಾಕಲಾಗಿತ್ತು. ಶನಿವಾರ ಸಂಜೆ ನಲವತ್ತೊಂದನೇ ಚೀಟಿಯ ಸ್ಟೇರಿಂಗ್ ರಾಡು ಇತ್ತು. ಸೋಮವಾರ ಬೆಳಿಗ್ಗೆ ಚೀಟಿ ಅದೇ, ರಾಡು ಬೇರೆ. ಎರಡು ಬೆರಳು ಗಿಡ್ಡ.

"ಒಂದು ಕಬ್ಬಿಣದ ತುಂಡಮ್ಮ," ಎಂದರು ಮೇಡಂ, ಮೆತ್ತಗೆ.

"ನಂಗೆ ಅದೇ ತುಂಡು ಬೇಕು," ಎಂದಳು ನರ್ಸ್.

FIR ಸಂಖ್ಯೆ 61 ದಾಖಲಾಯಿತು. ರೈಟರ್ ನಗಲಿಲ್ಲ, ಆದರೆ ಕಳುವಾದ ಮಾಲಿನ ವಿವರ ಬರೆಯುವಾಗ ಅವನ ಮೀಸೆ ಅಲ್ಲಾಡಿತು.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಗ್ಯಾರೇಜು ಉದ್ದನೆಯ ತಗಡಿನ ಶೆಡ್ಡು. ಒಂದು ಬದಿ ನರ್ಸಿನ ತಂದೆಯ ಗಾಡಿ, ಬರೀ ಎಲುಬು. ಇನ್ನೊಂದು ಬದಿ ಅದೇ ಕಂಪನಿಯ, ಅದೇ ವಯಸ್ಸಿನ ಮತ್ತೊಬ್ಬರ ಗಾಡಿ, ಕೆಲಸ ಮುಗಿದು ಬಣ್ಣ ಬಳಿದು ನಿಂತಿತ್ತು. ಗೋಡೆಯ ಹಲಗೆಯ ಮೇಲೆ ಇನ್ನೂರ ಹದಿನಾಲ್ಕು ಭಾಗಗಳು ಚೀಟಿ ಕಟ್ಟಿಕೊಂಡು ತೂಗುತ್ತಿದ್ದವು. ತಾಮ್ರದ ರೇಡಿಯೇಟರ್ ಮುಟ್ಟಿದವರಿಲ್ಲ. ಹಿತ್ತಾಳೆಯ ಡೀಸೆಲ್ ಪೈಪು ಅಲುಗಿಲ್ಲ. ಬೀಗ ಮುರಿದಿಲ್ಲ.

"ನಿನ್ನೆ ಗ್ಯಾರೇಜು ತೆಗೆದಿತ್ತಾ?" ಮೇಡಂ ಕೇಳಿದರು.

"ಭಾನುವಾರನೂ ತೆಗೀತೀವಿ. ಹಳೇ ಗಾಡಿ ನೋಡೋಕೆ ಯಾರ್ಯಾರೋ ಬರ್ತಾರೆ. ನಾನು ಒಂದು ಗಂಟೆಗೆ ಊಟಕ್ಕೆ ಹೋಗಿ ಎರಡೂವರೆಗೆ ಬಂದೆ," ಎಂದ ಅಳಿಯ.

"ಆಗ ಇಲ್ಲಿ ಯಾರಿದ್ರು?"

"ಮಾವ ಇದ್ರು. ಆದ್ರೆ ಕಣ್ಣಿನ ಆಪರೇಷನ್ ಆಗಿದೆ, ಎದುರಿಗೆ ಬಂದೋರೂ ಸರಿಯಾಗಿ ಕಾಣಲ್ಲ."

ಮಾವ, ಅಂದರೆ ಮೇಸ್ತ್ರಿ, ಬಾಗಿಲ ಬಳಿ ಸ್ಟೂಲಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದ. ಎಪ್ಪತ್ತು ವರ್ಷ. ಸುತ್ತ ಹತ್ತು ಊರಿನಲ್ಲಿ ಇವನ ಕೈ ತಾಗದ ಟ್ರ್ಯಾಕ್ಟರಿಲ್ಲ ಎಂಬ ಹೆಸರು.

"ನಿನ್ನೆ ಯಾರು ಬಂದಿದ್ರು?"

"ಕಾಲಿನ ಸಪ್ಪಳ ಕೇಳ್ತು. ಮುಖ ಯಾರು ಕಂಡ್ರು?"

"ರಾಡು ಯಾರು ಒಯ್ದಿರಬಹುದು?"

"ತುಕ್ಕು ಹಿಡಿದ ರಾಡಿಗೆ ಪೊಲೀಸ್ ಯಾಕಮ್ಮ? ಇಟ್ಟಿರೋದು ಗಟ್ಟಿಮುಟ್ಟಾಗಿದೆ, ಅದನ್ನೇ ಹಾಕಲಿ."

"ಗಟ್ಟಿಮುಟ್ಟಾಗಿದೆ ಅಂತ ಹೇಗೆ ಗೊತ್ತು?"

"ಅಳಿಯ ಹೇಳಿದ."

ಅಳಿಯ ಮಾವನ ಕಡೆ ನೋಡಿದ.

ದಫೇದಾರ ಬದಲಿ ರಾಡನ್ನು ಕೈಗೆತ್ತಿಕೊಂಡು ಮೇಡಂಗೆ ಪಾಠ ಮಾಡಿದ. ಸ್ಟೇರಿಂಗ್ ತಿರುಗಿಸಿದರೆ ಈ ರಾಡು ಮುಂದಿನ ಚಕ್ರವನ್ನು ಎಳೆಯುತ್ತದೆ. ರಾಡಿನ ತುದಿಯನ್ನು ಒಂದು ನಟ್ಟು ಹಿಡಿದಿರುತ್ತದೆ. ಗಾಡಿ ಅದುರಿ ಅದುರಿ ನಟ್ಟು ಬಿಚ್ಚಿಕೊಳ್ಳಬಾರದೆಂದು ಅದರ ಮೂಲಕ ಅಡ್ಡಕ್ಕೆ ಒಂದು ಸ್ಪ್ಲಿಟ್ ಪಿನ್ ತೂರಿಸಿ, ಪಿನ್ನಿನ ಎರಡೂ ಕಾಲು ಬಗ್ಗಿಸುತ್ತಾರೆ.

"ಇಷ್ಟೇ ಇಷ್ಟು ಪಿನ್ನು ಮೇಡಂ. ಇಡೀ ಗಾಡಿ ಇದರ ನಂಬಿಕೆ ಮೇಲೆ ಹೋಗುತ್ತೆ," ಎಂದು ನಟ್ಟಿನ ಕೆಳಗೆ ಹೆಬ್ಬೆರಳು ಆಡಿಸಿದ. "ವಿಚಿತ್ರ. ಎಲ್ಲಾ ಮೆಕ್ಯಾನಿಕ್‌ಗಳೂ ಕಾಲು ಹಾಗೇ ಚಾಚಿ ಬಿಡ್ತಾರೆ, ಒರೆಸೋಕೆ ಹೋದ್ರೆ ಕೈ ಕುಯ್ಯುತ್ತೆ. ಇವನು ಒಂದು ಕಾಲು ಗಿಡ್ಡ ಕತ್ತರಿಸಿ ಒಳಗೆ ಸುರುಳಿ ಸುತ್ತಿದ್ದಾನೆ. ಮರ್ಯಾದಸ್ಥ ಕಳ್ಳ."

ಅಳಿಯ ಟಾರ್ಚು ಹಿಡಿದು ನಿಂತಿದ್ದ. ಆ ಮಾತಿಗೆ ಬೆಳಕು ರಾಡಿನಿಂದ ಜಾರಿ ನೆಲಕ್ಕೆ ಬಿತ್ತು. ಮೇಡಂ ಪುಟ್ಟ ಪುಸ್ತಕದಲ್ಲಿ '12.50, ಟಾರ್ಚು' ಎಂದಷ್ಟೇ ಬರೆದುಕೊಂಡರು.

ಮಂಗಳವಾರ ಬೆಳಿಗ್ಗೆ 9.15ಕ್ಕೆ ಅಳಿಯ ಒಬ್ಬನೇ ಠಾಣೆಗೆ ಬಂದ. ದೂರು ವಾಪಸ್ ತೆಗೆದುಕೊಳ್ಳಬೇಕಂತೆ.

"ರಾಡು ಸಿಕ್ತಾ?"

"ಇಲ್ಲ ಮೇಡಂ."

"ಮತ್ತೆ?"

"ಬೇಡ ಅನ್ನಿಸ್ತು. ಹೊಸದು ಮಾಡಿಸಿ ಹಾಕ್ತೀನಿ."

"ನಿನ್ನೆ ಬೇಕು, ಇವತ್ತು ಬೇಡ. ರಾತ್ರಿ ಏನಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಮೇಡಂ ಬೇಕಾದಷ್ಟು ನೋಡಿದ್ದರು. ಇವನು ಬೇರೆ ಯಾರದೋ ಹೆಗಲು ಒರೆಸಲು ಬಂದಿದ್ದ. ಅವರು ಕುರ್ಚಿ ತೋರಿಸಿದರು.

"ಪ್ರತಿ ಭಾಗದ ಫೋಟೋ ತೆಗೀತೀನಿ ಅಂದಿದ್ರಿ. ನಲವತ್ತೊಂದರದ್ದು ತೋರಿಸಿ."

ಅವನ ಹೆಬ್ಬೆರಳು ಫೋನಿನ ಮೇಲೆ ಬಹಳ ಹೊತ್ತು ಹುಡುಕಿತು. ಫೋಟೋದಲ್ಲಿ ತೊಳೆಯುವ ಮುಂಚಿನ ರಾಡು ಇತ್ತು. ತುದಿಯಲ್ಲಿ ನಟ್ಟಿಲ್ಲ. ಪಿನ್ನು ಇರಬೇಕಾದ ತೂತಿನಲ್ಲಿ ಎರಡೂ ಕಡೆ ಕತ್ತರಿಸಿಹೋದ ಮೊಳೆಯ ಚೂರು. ಕತ್ತಿನ ಬಳಿ ಮಾಸಿದ ಒಂದು ಕೆಂಪು ಬಣ್ಣದ ಚುಕ್ಕೆ, ಕಡಲೆಕಾಳಿನಷ್ಟು.

"ಈ ಕೆಂಪು ಏನು?"

"ಅರ್ಧ ಕೆಲಸ ಅಂತ."

"ಬಿಡಿಸಿ ಹೇಳಿ."

"ಸಾಮಾನು ಸಿಗದೆ ತಾತ್ಕಾಲಿಕವಾಗಿ ಏನಾದ್ರೂ ಮಾಡಿದ್ರೆ ಅದರ ಮೇಲೆ ಕೆಂಪು ಚುಕ್ಕೆ ಇಡ್ತೀವಿ. ಸರಿಯಾದ ಸಾಮಾನು ಹಾಕಿದ ಮೇಲೆ ಸೀಮೆಎಣ್ಣೆ ಬಟ್ಟೇಲಿ ಒರೆಸ್ತೀವಿ. ಚುಕ್ಕೆ ಇರೋವರೆಗೂ ಗಾಡಿ ಬಾಗಿಲು ದಾಟಬಾರದು."

"ಎಲ್ಲಾ ಗ್ಯಾರೇಜಲ್ಲೂ ಹೀಗೇನಾ?"

"ಇಲ್ಲ. ಬೇರೆಯವರು ನಗ್ತಾರೆ. ಇದು ನಮ್ಮಲ್ಲಿ ಮಾತ್ರ."

"ಯಾರು ಶುರು ಮಾಡಿದ್ದು?"

ಅಳಿಯ ಫೋನನ್ನು ಜೇಬಿಗೆ ಹಾಕಿಕೊಂಡ. ಮೇಡಂ ಕಾದರು. ಕಾಯುವುದು ಅವರಿಗೆ ಟ್ರ್ಯಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು.

"ಗಾಡಿ ಬಂದಾಗ, ಬಿಚ್ಚಿದಾಗ ಮಾವ ಊರಲ್ಲಿರಲಿಲ್ಲ," ಎಂದ ಕೊನೆಗೆ. "ಎರಡೂ ಕಣ್ಣಿನ ಆಪರೇಷನ್‌ಗೆ ನನ್ನ ಭಾವನ ಮನೆಗೆ ಹೋಗಿ ಎರಡು ತಿಂಗಳ ಮೇಲೆ ಅಲ್ಲೇ ಇದ್ರು. ಶನಿವಾರ ಬಂದ್ರು. ಯಾವುದೋ ಹಳೇ ಗಾಡೀಲಿ ನಿಮ್ಮ ಕೆಂಪು ಚುಕ್ಕೆ ಸಿಕ್ಕಿದೆ ಮಾವ ಅಂತ ನಾನೇ ಹೇಳಿದೆ. ಖುಷಿ ಪಡ್ತಾರೆ ಅಂದ್ಕೊಂಡೆ. ಯಾರ ಗಾಡಿ ಅಂದ್ರು. ಹೇಳಿದೆ. ಆಮೇಲೆ ಅವರು ಊಟ ಮಾಡಲಿಲ್ಲ."

"ಆ ಪಿನ್ನಿನ ಸುರುಳಿ?"

"ನಂಗೂ ಹಾಗೇ ಕಲಿಸಿದ್ದು ಅವರೇ. ಒರೆಸೋರ ಕೈಗೆ ತಾಗಬಾರದು ಅಂತಾರೆ." ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ನನ್ನ ಬಾಯಿಂದ ಹೇಳಿಸಿಬಿಟ್ರಲ್ಲ ಮೇಡಂ. ಮನೇಲಿ ಹೆಂಡ್ತಿ ಮುಖ ಹೇಗೆ ನೋಡಲಿ?"

ಮೇಡಂ ನೀರು ತರಿಸಿಕೊಟ್ಟರು. ಕದ್ದವನು ಯಾರೆಂದು ಹೆಚ್ಚುಕಡಿಮೆ ತಿಳಿದಂತಾಗಿತ್ತು. ಯಾಕೆ ಕದ್ದ ಎಂಬುದು ಮಾತ್ರ ಇನ್ನೂ ಕತ್ತಲಲ್ಲಿತ್ತು.

11.30ಕ್ಕೆ ಮೇಡಂ ಮತ್ತು ದಫೇದಾರ ಆಸ್ಪತ್ರೆಗೆ ಹೋದರು. ನರ್ಸು ಒಗೆದ ಬಟ್ಟೆಗಳನ್ನು ಇಡುವ ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದಳು.

"ಎಲ್ಲಾ ಭಾಗನೂ ಹಳೇದೇ ಇರಬೇಕು ಅಂತ ಅಷ್ಟು ಹಟ ಯಾಕೆ?" ಮೇಡಂ ಕೇಳಿದರು.

"ಒಂದು ಪರೀಕ್ಷೆ ಮಾಡೋದಿತ್ತು. ಅಪ್ಪನ ಗಾಡಿ ಅವತ್ತು ಹೇಗಿತ್ತೋ ಹಾಗೇ ಇದ್ರೆ ಮಾತ್ರ ಅದು ಸರಿಹೋಗುತ್ತೆ."

"ಏನು ಪರೀಕ್ಷೆ?"

ಅವಳು ಮಡಿಸಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು.

"ಗಾಡಿ ಕಾಲುವೆಗೆ ಬಿದ್ದಾಗ ನಾನೂ ಅದರ ಮೇಲಿದ್ದೆ. ಹತ್ತು ವರ್ಷ ನಂಗೆ. ಮಡ್‌ಗಾರ್ಡ್ ಮೇಲೆ ಕೂತಿದ್ದೆ. ಕೆಸರಿಗೆ ಬಿದ್ದು ಬದುಕಿದೆ. ಅಪ್ಪ ಗಾಡಿ ಕೆಳಗೆ ಹೋದ್ರು. ಅಷ್ಟು ಎಲ್ಲರಿಗೂ ಗೊತ್ತು."

"ಗೊತ್ತಿಲ್ಲದ್ದು?"

"ಸ್ಟೇರಿಂಗ್ ಮೇಲೆ ನನ್ನ ಕೈ ಇತ್ತು."

ದಫೇದಾರ ಗೋಡೆಗೊರಗಿದ್ದವನು ನೆಟ್ಟಗಾದ.

"ನಾನು ತಿರುಗಿಸಲಾ ಅಂತ ಕೇಳಿದೆ. ಅಪ್ಪ ನಕ್ಕರು. ನಿನ್ನ ಕೈಲಿ ಅದು ಅಲ್ಲಾಡಿದ್ರೆ ಹೇಳು ಪುಟ್ಟಿ ಅಂದ್ರು. ಎರಡೂ ಕೈಲಿ ಹಿಡಿದು ಎಳೆದೆ. ತಿರುಗಿಬಿಡ್ತು."

"ಹೇಗೆ ತಿರುಗ್ತಮ್ಮ?" ದಫೇದಾರನ ದನಿ ಸಣ್ಣಗಿತ್ತು.

"ಹಗುರವಾಗಿ. ಪೂರ್ತಿ ಒಂದು ಸುತ್ತು. ಅಪ್ಪನ್ನ ಸೋಲಿಸಿದೆ ಅಂತ ಖುಷಿಯಾಯ್ತು ನಂಗೆ. ಆಮೇಲೆ ಕಾಲುವೆ ಬಂತು."

"ಯಾರಿಗಾದ್ರೂ ಹೇಳಿದ್ರಾ?"

"ಅಮ್ಮನಿಗೂ ಹೇಳಿಲ್ಲ. ಹುಷಾರಿಲ್ಲದೆ ಓಡಿಸಿ ನಮ್ಮನ್ನ ನಡುನೀರಲ್ಲಿ ಬಿಟ್ಟು ಹೋದ ಅಂತ ಅಪ್ಪನ್ನ ಬೈತಾನೇ ಇದ್ಲು, ಸಾಯೋವರೆಗೂ. ನಾನು ಕೇಳ್ತಾನೇ ಇದ್ದೆ. ಬಾಯಿ ಬಿಡಲಿಲ್ಲ." ಬಟ್ಟೆಯನ್ನು ಗುಡ್ಡೆಯ ಮೇಲಿಟ್ಟಳು. "ಗಾಡಿ ಮತ್ತೆ ಎದ್ದು ನಿಂತ್ರೆ ಒಂದೇ ಒಂದ್ಸಲ ತಿರುಗಿಸಿ ನೋಡಬೇಕಿತ್ತು. ಆ ವಯಸ್ಸಿನ ಮಗು ಕೈಗೆ ಅದು ತಿರುಗುತ್ತಾ, ಇಲ್ವಾ. ತಿರುಗುತ್ತೆ ಅಂತಾದ್ರೆ ಆಗಲಿ, ಕೊಂದವಳು ನಾನೇ ಅಂತ ಖಾತ್ರಿಯಾದ್ರೂ ಆಗುತ್ತೆ."

ಜೀಪಿನಲ್ಲಿ ಅರ್ಧ ದಾರಿ ಬಂದ ಮೇಲೆ ದಫೇದಾರ ಬಾಯಿಬಿಟ್ಟ.

"ಮೇಡಂ, ಆ ಕಾಲದ ಗಾಡಿ ಸ್ಟೇರಿಂಗ್ ತಿರುಗಿಸೋಕೆ ನಮ್ಮಂಥೋರ ಹೆಗಲು ಬಿದ್ದು ಹೋಗುತ್ತೆ. ಮಗು ಕೈಲಿ ಪೂರ್ತಿ ಸುತ್ತು ತಿರುಗ್ತು ಅಂದ್ರೆ ಅದರ ಕೆಳಗೆ ಏನೂ ಇರಲಿಲ್ಲ. ರಾಡು ಆಗಲೇ ಕಳಚಿ ಬಿದ್ದಿತ್ತು."

"ಅಂದ್ರೆ ಮೊಳೆ ಕತ್ತರಿಸಿ, ನಟ್ಟು ಬಿಚ್ಚಿ..."

"ಹೌದು. ಆ ಹುಡುಗಿ ಕೈ ಇಡೋಕೆ ಮುಂಚೇನೇ."

"ಅವತ್ತಿನ ತನಿಖೇಲಿ ಇದು ಬಂದಿಲ್ವಾ? ಯಾರು ಮಾಡಿದ್ದು?"

"ಫೈಲ್ ನೋಡೋಣ ಮೇಡಂ," ಎಂದ ದಫೇದಾರ, ಕಿಟಕಿಯ ಕಡೆ ತಿರುಗಿ.

ಮಧ್ಯಾಹ್ನ 2.20ಕ್ಕೆ ದಾಖಲೆ ಕೋಣೆಯ ಮೇಲಿನ ಅಟ್ಟದಿಂದ ಫೈಲು ಇಳಿಯಿತು. ಪಂಚನಾಮೆ ಒಂದೂವರೆ ಪುಟ. 'ವಾಹನದ ಸ್ಟೇರಿಂಗ್ ಜೋಡಣೆಯನ್ನು ತಿಳಿದವರಿಂದ ಪರೀಕ್ಷಿಸಲಾಗಿ ಸುಸ್ಥಿತಿಯಲ್ಲಿರುತ್ತದೆ. ಚಾಲಕನ ಅಜಾಗರೂಕತೆಯೇ ಕಾರಣವೆಂದು ಕಂಡುಬರುತ್ತದೆ.' ಕೆಳಗೆ 'ತಿಳಿದವರು' ಎಂದು ಮೇಸ್ತ್ರಿಯ ಸಹಿ. ಮೇಡಂ ಸಹಿಯನ್ನು ನೋಡಿದರು, ಆಮೇಲೆ ಅಕ್ಷರಗಳನ್ನು ನೋಡಿದರು. ಮಣಿ ಪೋಣಿಸಿದಂಥ ಆ ದುಂಡು ಅಕ್ಷರಗಳನ್ನು ಅವರು ಎರಡು ತಿಂಗಳಿಂದ ದಿನಾ ನೋಡುತ್ತಿದ್ದರು.

"ನಿಮ್ಮ ಕೈಬರಹ."

"ಹೌದು ಮೇಡಂ."

"ನೀವು ಗಾಡಿ ಕೆಳಗೆ ನೋಡಲಿಲ್ವಾ?"

"ಇಲ್ಲ."

"ಗಾಡಿ ವಿಷಯ ಗೊತ್ತಿರೋರು. ಬಗ್ಗಿ ನೋಡಿದ್ರೆ ಸಾಕಿತ್ತು."

"ಅವತ್ತು ಮಧ್ಯಾಹ್ನ ದೊಡ್ಡ ಸಾಹೇಬರು ಠಾಣೆಗೆ ಬರೋರಿದ್ರು. ಹೊಸ ಯೂನಿಫಾರ್ಮು, ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದೆ. ಕಾಲುವೆ ತುಂಬ ಕೆಸರು. ನೀವು ಮೇಲೇ ಇರಿ, ನಾನು ನೋಡಿ ಬರ್ತೀನಿ ಅಂದ ಮೇಸ್ತ್ರಿ. ಇಳಿದ. ಕೆಳಗಿಂದ ಸರಿಯಾಗಿದೆ ಅಂದ. ನಾನು ಸರಿಯಾಗಿದೆ ಅಂತ ಬರೆದೆ." ದಫೇದಾರ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಆ ಹುಡುಗಿ ದಡದ ಮೇಲೆ ಕಂಬಳಿ ಹೊದ್ದು ಕೂತಿತ್ತು ಮೇಡಂ. ತನ್ನ ಕೈಗಳನ್ನೇ ನೋಡ್ಕೊಳ್ತಾ ಇತ್ತು. ಚಳಿಗೆ ಅಂದ್ಕೊಂಡೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಬುಧವಾರ, ಐದನೇ ತಾರೀಕು, ಬೆಳಿಗ್ಗೆ 8.30. ಗ್ಯಾರೇಜಿನ ಹಿಂದೆ ಎರಡು ಕೋಣೆಯ ಮನೆ. ಮೇಸ್ತ್ರಿ ಮಂಚದ ಮೇಲೆ ತಲೆ ಎತ್ತಿ ಕಣ್ಣಿಗೆ ಔಷಧಿಯ ಹನಿ ಹಾಕಿಕೊಳ್ಳುತ್ತಿದ್ದ. ಅಳಿಯ ಬಾಗಿಲ ಹೊರಗೇ ನಿಂತ.

"ಭಾನುವಾರ ಒಂದರಿಂದ ಎರಡೂವರೆ ತನಕ ಗ್ಯಾರೇಜಲ್ಲಿ ಒಬ್ಬರೇ ಇದ್ರಿ," ಎಂದರು ಮೇಡಂ.

"ಇದ್ದೆ."

"ರಾಡು ನೀವೇ ತೆಗೆದ್ರಿ."

"ಕಣ್ಣು ಕಾಣದವನು ಏನು ತೆಗೀಲಿ?"

"ಕಣ್ಣು ಕಾಣಲಿಲ್ಲ, ಅದಕ್ಕೇ ಎರಡು ಬೆರಳು ಗಿಡ್ಡದ್ದು ಇಟ್ರಿ. ಪಿನ್ನು ಮಾತ್ರ ಕೈ ಅಳತೇಲಿ ಹಾಕಿದ್ರಿ. ಅದು ತಪ್ಪಲಿಲ್ಲ."

ಮೇಸ್ತ್ರಿ ಔಷಧಿಯ ಮುಚ್ಚಳ ತಿರುಗಿಸಿದ. ಮುಚ್ಚಳ ಎಡವಟ್ಟಾಗಿ ಕೂತಿತು.

"ಹಳೇ ಸಾಮಾನು. ಹೋಗಿದ್ದೇ ಒಳ್ಳೇದಾಯ್ತು. ಸತ್ತೋನು ಸತ್ತ. ಇಪ್ಪತ್ತೆರಡು ವರ್ಷ ಆಯ್ತು. ಈಗ ಕೆದಕಿದ್ರೆ ಯಾರಿಗೆ ಏನು ಸಿಗುತ್ತೆ?"

"ಅವನ ಮಗಳು ಅವತ್ತು ಗಾಡಿ ಮೇಲಿದ್ಲು."

"ಗೊತ್ತು. ದೇವರ ದಯೆ, ಬದುಕಿದ್ಲು."

"ಸ್ಟೇರಿಂಗ್ ಮೇಲೆ ಅವಳ ಕೈ ಇತ್ತು. ತಿರುಗಿಸಿದ್ಲು. ತಿರುಗಿಬಿಡ್ತು. ಅಪ್ಪನ್ನ ಕೊಂದವಳು ನಾನೇ ಅಂತ ಇಪ್ಪತ್ತೆರಡು ವರ್ಷದಿಂದ ಅಂದ್ಕೊಂಡಿದ್ದಾಳೆ."

ಮೇಸ್ತ್ರಿ ಕಪ್ಪು ಕನ್ನಡಕ ತೆಗೆದ. ಆ ಕೆಂಪು ಕಣ್ಣುಗಳು ಮೇಡಂ ಇದ್ದ ಕಡೆಗಿಂತ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದವು.

"ಏನಂದ್ರಿ?"

"ಕೇಳಿಸ್ಕೊಂಡ್ರಿ."

ಮುದುಕ ಮಂಚದಿಂದ ಇಳಿದು ನೆಲದ ಮೇಲೆ ಕುಳಿತು, ಮಂಚದ ಕೆಳಗಿನಿಂದ ಸಾಮಾನಿನ ಪೆಟ್ಟಿಗೆ ಎಳೆದ. ಸ್ಪ್ಯಾನರುಗಳ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ರಾಡು ತೆಗೆದುಕೊಟ್ಟ. ಬಟ್ಟೆ ಎಣ್ಣೆಯಲ್ಲಿ ನೆನೆದಿತ್ತು. ತನ್ನ ಮೇಲಿನ ಸಾಕ್ಷಿಯೇ ಆದರೂ ಅದಕ್ಕೆ ತುಕ್ಕು ಹಿಡಿಯಲು ಬಿಡುವುದು ಅವನ ಕೈಯಿಂದ ಆಗಿರಲಿಲ್ಲ.

"ಮೊಳೆ ಚೂರು ಬಡಿದು ತೆಗೆದು, ಚುಕ್ಕೆ ಒರೆಸಿ, ವಾಪಸ್ ಇಡೋಣ ಅಂತ ತಂದೆ. ಕಣ್ಣು ಕಾಣಲಿಲ್ಲ. ಎರಡೇ ಏಟು ಹಾಕಿದೆ, ಆಮೇಲೆ ಆಗಲಿಲ್ಲ."

9.10ಕ್ಕೆ ಜಪ್ತಿ ಪಂಚನಾಮೆ ಆಯಿತು. ದಫೇದಾರ ಬರೆಯುತ್ತಿದ್ದ. ಮೇಡಂ ಕೇಳುತ್ತಿದ್ದರು.

"ಮೊಳೆ ಯಾಕೆ ಹಾಕಿದ್ರಿ?"

"ಆ ಅಳತೆ ಪಿನ್ನು ಇರಲಿಲ್ಲ. ಉಳುಮೆ ಕಾಲ, ಅವನು ಬಾಗಿಲಲ್ಲೇ ನಿಂತಿದ್ದ. ಮೊಳೆ ಹಾಕಿ ಚುಕ್ಕೆ ಇಟ್ಟೆ."

"ಪಿನ್ನು ಇಲ್ಲ, ನಾಳೆ ಬಾ ಅಂತ ಹೇಳಬಹುದಿತ್ತು."

"ಹೇಳಬಹುದಿತ್ತು."

"ಯಾಕೆ ಹೇಳಲಿಲ್ಲ?"

"ಅವನ ಜತೆ ಇನ್ನೂ ಮೂರು ಜನ ಇದ್ರು. ಮೇಸ್ತ್ರಿ ಹತ್ರ ಇಲ್ಲದ ಸಾಮಾನೇ ಇಲ್ಲ ಅಂತ ಅವನೇ ಅವರಿಗೆ ಹೊಗಳ್ತಾ ಇದ್ದ. ಅವರ ಎದುರಿಗೆ ಒಂದು ಪಿನ್ನಿಲ್ಲ ಅನ್ನೋಕೆ ನಾಚಿಕೆ ಆಯ್ತು." ಮೇಸ್ತ್ರಿ ಸ್ವಲ್ಪ ತಡೆದ. "ಮಾರನೇ ದಿನ ಪಿನ್ನು ಬಂತು. ಒಂದು ಹೆಜ್ಜೆ ಹೋಗಿ ಹಾಕಿ ಬರೋಣ ಅಂದ್ಕೊಂಡೆ. ಹೋದ್ರೆ ಮೊಳೆ ಹಾಕಿದ್ದು ಗೊತ್ತಾಗುತ್ತೆ. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ ಅಂತ ಆರು ದಿನ ಆಯ್ತು. ಏಳನೇ ದಿನ ಇವರೇ ಬಂದ್ರು, ಗಾಡಿ ಕಾಲುವೆಗೆ ಬಿದ್ದಿದೆ ಬಾ ಅಂತ." ಬೆರಳು ದಫೇದಾರನ ಪೆನ್ನಿನ ಸಪ್ಪಳದ ಕಡೆ ತಿರುಗಿತು.

ಪೆನ್ನು ನಿಂತಿತು. ಮತ್ತೆ ಹೊರಟಿತು.

"ಕೆಳಗಿಳಿದು ನೋಡಿದಾಗ ರಾಡು ತೂಗಾಡ್ತಿತ್ತಾ?"

"ತೂಗಾಡ್ತಿತ್ತು. ನನ್ನ ಚುಕ್ಕೆ ನನ್ನ ಕಡೆ ನೋಡ್ತಿತ್ತು. ಸರಿಯಾಗಿದೆ ಅಂದೆ. ತಪ್ಪನ್ನ ಸತ್ತೋನ ತಲೆ ಮೇಲೆ ಹಾಕಿದೆ. ಸತ್ತೋನಿಗೆ ಏನು ಭಾರ ಅಂತ ಸಮಾಧಾನ ಮಾಡ್ಕೊಂಡೆ. ಅದು ಹೋಗಿ ಆ ಮಗು ಮೇಲೆ ಕೂತಿದೆ ಅಂತ ನಂಗೆ ಗೊತ್ತಾಗಲಿಲ್ಲಮ್ಮ." ಅವನು ಅಳಲಿಲ್ಲ. ಔಷಧಿಯೋ ಏನೋ ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಂಡ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಾನು ಪಿನ್ನಿಗೆ ಹೋಗೋ ಮಾನ ಉಳಿಸ್ಕೊಳ್ಳೋಕೆ ಹೋಗಿ ಒಂದು ಜೀವ ಕೊಟ್ಟೆ."

9.50ಕ್ಕೆ ಬಂಧನ. ಮಗಳು ಅಡುಗೆ ಕೋಣೆಯಿಂದ ಹೊರಗೆ ಬರಲಿಲ್ಲ. ಅಳಿಯ ಒಳಗೆ ಹೋಗಿ ಮಾವನ ಚಪ್ಪಲಿ ತಂದು ಕಾಲಬಳಿ ಇಟ್ಟ.

11.00ಕ್ಕೆ, ರಾಡು ತೆಗೆದ ಜಾಗ ತೋರಿಸುವ ಮಹಜರಿಗೆ, ಆರೋಪಿಯನ್ನು ಗ್ಯಾರೇಜಿಗೆ ಕರೆತರಲಾಯಿತು. ಮಾಲು ಗುರುತಿಸಲು ನರ್ಸನ್ನೂ ಕರೆಸಿದ್ದರು. ಮೇಡಂ ಅವಳನ್ನು ಹೊರಗೆ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಅವಳು ಕೇಳಿದ್ದಳು, ಆದರೆ ನಂಬಿದಂತೆ ಕಾಣಲಿಲ್ಲ. ಇಪ್ಪತ್ತೆರಡು ವರ್ಷದ ನಂಬಿಕೆ ಐದು ನಿಮಿಷದ ಮಾತಿಗೆ ಜಾಗ ಬಿಡಲಿಲ್ಲ.

ಹಲಗೆಯಲ್ಲಿ ರಾಡು ತೂಗುತ್ತಿದ್ದ ಜಾಗ ತೋರಿಸಿ ಆದ ಮೇಲೆ ಮೇಸ್ತ್ರಿ ಹೊರಡಲಿಲ್ಲ.

"ಆ ಮಗು ಇಲ್ಲಿದ್ಯಾ?"

"ಇದೀನಿ," ಎಂದಳು ನರ್ಸ್.

"ಆ ಬಣ್ಣ ಬಳಿದ ಗಾಡಿ ಇದೆಯಲ್ಲ, ನಿಮ್ಮಪ್ಪನ ಗಾಡಿಯ ತಂಗಿ ಅದು. ಹತ್ತಮ್ಮ. ಮೇಡಂ, ಇದೊಂದು ಮಾಡೋಕೆ ಬಿಡಿ."

ಮೇಡಂ ತಲೆಯಾಡಿಸಿದರು. ನರ್ಸು ಹತ್ತಿದಳು. ಆ ದಿನದಿಂದ ಅವಳು ಯಾವ ವಾಹನದ ಸ್ಟೇರಿಂಗನ್ನೂ ಮುಟ್ಟಿರಲಿಲ್ಲ, ಸೈಕಲ್ಲನ್ನು ಕೂಡ ಕಲಿತಿರಲಿಲ್ಲ. ಕೈ ಇಡಲು ಸ್ವಲ್ಪ ಹೊತ್ತು ಬೇಕಾಯಿತು.

"ತಿರುಗಿಸು."

ಅವಳು ಎಳೆದಳು. ಅಲುಗಲಿಲ್ಲ. ಎದ್ದು ನಿಂತು, ಇಡೀ ಮೈ ಭಾರ ಹಾಕಿ ಎಳೆದಳು. ಕೈಗಾಡಿಯಿಂದ ರೋಗಿಗಳನ್ನು ಎತ್ತಿ ಇಳಿಸುವ ಕೈಗಳು ಅವು. ಸ್ಟೇರಿಂಗು ನಾಲ್ಕು ಬೆರಳು ಸರಿದು ನಿಂತಿತು.

"ಓಡೋ ಗಾಡೀಲಿ ಇದಕ್ಕಿಂತ ಸ್ವಲ್ಪ ಹಗುರ ಇರುತ್ತೆ. ಆದ್ರೂ ಹತ್ತು ವರ್ಷದ ಕೈಗೆ ಆಗಲ್ಲ. ಅಳಿಯಾ, ರಾಡು ಬಿಚ್ಚು."

ಅಳಿಯ ಸ್ಪ್ಯಾನರು ಹಿಡಿದು ಕೆಳಗೆ ಹೋದ. ದಫೇದಾರನೂ ಪುಸ್ತಕ ಕೆಳಗಿಟ್ಟು, ಯಾರೂ ಹೇಳದೆ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದ. ಪಿನ್ನು ತೆಗೆದದ್ದು, ನಟ್ಟು ತೆಗೆದದ್ದು, ರಾಡು ಜೋತುಬಿದ್ದದ್ದು, ಒಂದೊಂದನ್ನೂ ಅಲ್ಲಿಂದಲೇ ಕೂಗಿ ಹೇಳಿದ. ಮೇಡಂ ಬರೆದುಕೊಂಡರು.

"ಈಗ ತಿರುಗಿಸಮ್ಮ. ಒಂದೇ ಬೆರಳಲ್ಲಿ."

ಅವಳು ತೋರುಬೆರಳು ಇಟ್ಟು ದೂಡಿದಳು. ಸ್ಟೇರಿಂಗು ಪೂರ್ತಿ ಒಂದು ಸುತ್ತು ಬಂತು. ಇನ್ನೊಂದು ಸುತ್ತು. ಮುಂದಿನ ಚಕ್ರಗಳು ಇದ್ದಲ್ಲೇ ಇದ್ದವು.

"ಹೀಗೇ," ಎಂದಳು ಅವಳು. "ಹೀಗೇ ತಿರುಗಿತ್ತು."

"ನೀನಲ್ಲ ಮಗ. ನಾನು."

ಅವಳು ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತಳು. ಅವನನ್ನು ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಅಮ್ಮ ಹೋಗಿ ನಾಲ್ಕು ವರ್ಷ ಆಯ್ತಲ್ಲ." ಮೇಸ್ತ್ರಿ ತಲೆ ತಗ್ಗಿಸಿ ನಿಂತೇ ಇದ್ದ.

ಜೀಪು ಹತ್ತಲು ಹೇಳಿದರೆ ಅವನು ಅಲುಗಲಿಲ್ಲ. "ಬಿಚ್ಚಿದ್ದನ್ನ ಜೋಡಿಸಲಿ," ಎಂದ. ಅಳಿಯ ರಾಡು ಕೂರಿಸಿ, ನಟ್ಟು ಬಿಗಿದು, ಹೊಸ ಪಿನ್ನು ತೂರಿಸಿ ಕಾಲು ಸುರುಳಿ ಸುತ್ತಿದ. ಮುದುಕ ಮಂಡಿಯೂರಿ ಗಾಡಿಯ ಕೆಳಗೆ ಕೈ ಚಾಚಿ, ನಟ್ಟಿನ ಸುತ್ತ ಬೆರಳು ಆಡಿಸಿ ನೋಡಿದ. ಆಮೇಲೆ ಎದ್ದು, ಎಣ್ಣೆಯ ಕೈಗಳನ್ನು ಅಂಗಿಗೆ ಒರೆಸಿಕೊಂಡು ದಫೇದಾರನ ಮುಂದೆ ಚಾಚಿದ. ದಫೇದಾರ ಬೇಡಿ ಹಾಕಲಿಲ್ಲ, ಮೊಣಕೈ ಹಿಡಿದು ಜೀಪಿಗೆ ಹತ್ತಿಸಿದ. ದಫೇದಾರನ ಯೂನಿಫಾರ್ಮಿನ ಬೆನ್ನಿನ ತುಂಬ ಗ್ರೀಸು ಮೆತ್ತಿಕೊಂಡಿತ್ತು.

ಸಂಜೆ 5.30ಕ್ಕೆ ಮೇಡಂ ಹಳೆಯ ಪ್ರಕರಣವನ್ನು ಮತ್ತೆ ತೆರೆಯಲು ನ್ಯಾಯಾಲಯಕ್ಕೆ ವರದಿ ಸಿದ್ಧಪಡಿಸಿದರು. ಅದರ ಜತೆಗೆ ದಫೇದಾರ ತನ್ನ ದುಂಡು ಅಕ್ಷರದಲ್ಲಿ ಬರೆದ ಒಂದು ಹೇಳಿಕೆಯೂ ಇತ್ತು: ಅಂದು ನಾನು ವಾಹನದ ಕೆಳಗೆ ನೋಡದೆಯೇ ನೋಡಿದಂತೆ ಬರೆದಿರುತ್ತೇನೆ. ಮೇಡಂ ಅದನ್ನು ಎರಡು ಸಲ ಓದಿದರು. ಇದರಿಂದ ನಿವೃತ್ತಿಯ ಹೊತ್ತಿಗೆ ತೊಂದರೆಯಾಗಬಹುದು ಎಂದರು. ಗೊತ್ತು ಎಂದ.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಜಾಗದಲ್ಲಿ ರೈಟರ್ ಏನು ಹಾಕಲಿ ಎಂದು ಕೇಳಿದ. ದ್ವೇಷವೇ, ದುರಾಸೆಯೇ, ಎರಡೂ ಅಲ್ಲ. ಮೇಡಂ ಸ್ವಲ್ಪ ಯೋಚಿಸಿ, 'ತನ್ನಲ್ಲಿ ಒಂದು ಪಿನ್ನು ಇಲ್ಲವೆಂದು ನಾಲ್ಕು ಜನರ ಎದುರು ಹೇಳಲು ನಾಚಿಕೆ' ಎಂದು ಬರೆಯಲು ಹೇಳಿದರು. ರೈಟರ್ ಈ ಸಲ ನಗಲಿಲ್ಲ. ಬರೆದು, ದಿನಾಂಕ ಹಾಕಿ, ಪುಟ ತಿರುಗಿಸಿದ.